ಕೊಟ್ಟಿಗೆಗೆ ಬಂದ ಲೇತು

ಹಸುಗಳನ್ನು ಮಾರಿದ ಮೇಲೆ ದೇವಲಾಪುರದ ನಮ್ಮ ಮನೆಯ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅಲ್ಲಿ ಕಾರು ನಿಲ್ಲಿಸಬೇಕೆಂದು ಮೈದುನನಿಗೆ ಆಸೆ. ನಾನು ಮರ ಕಡೆಯುವ ಲೇತು ತಂದು ಇಟ್ಟೆ. ನಾಗಮಂಗಲದಲ್ಲಿ ಮಂಚದ ಕಾಲು, ತೊಟ್ಟಿಲ ಗುಂಡು ಕಡೆಯುತ್ತಿದ್ದ ಮುಸ್ಲಿಂ ಹಿರಿಯರೊಬ್ಬರು ವಯಸ್ಸಾಯಿತೆಂದು ಅಂಗಡಿ ಮುಚ್ಚುವಾಗ ನನಗೆ ಮಾರಿದ ಯಂತ್ರ ಅದು. ಅವರೇ ಬಂದು ಜೋಡಿಸಿ, ಉಳಿ ಹಿಡಿಯುವುದನ್ನೂ ಕಲಿಸಿಕೊಟ್ಟರು.

ಕೆಲವೇ ದಿನಗಳಲ್ಲಿ, ತಿರುಗುತ್ತಿದ್ದ ಹಲಸಿನ ತುಂಡೊಂದು ಕಳಚಿ ಹಾರಿ ನನ್ನ ಹುಬ್ಬು ಸೀಳಿತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬರುವಷ್ಟರಲ್ಲಿ ಮೈದುನ ಕೊಟ್ಟಿಗೆಗೆ ಬೀಗ ಜಡಿದಿದ್ದ.

"ಎಂಗಸ್ರು ಮಾಡೋ ಕೆಲ್ಸವಾ ಇದು? ಸಾಕು ಬುಡಿ ಅತ್ಗೆ. ಕಣ್ಣೇ ಓಗಿದ್ರೆ ಏನ್ ಮಾಡ್ತಿದ್ರಿ?"

"ಇನ್ನೊಂದು ಕಣ್ಣಲ್ಲಿ ನೋಡ್ಕೊಂಡು ಕಡೀತಿದ್ದೆ ಕಣಪ್ಪ. ಬೀಗದ ಕೈ ಕೊಡು" ಎಂದೆ.

ಅವನು ಕೊಡಲಿಲ್ಲ. ಬೀದಿಯವರೆಲ್ಲ ನೋಡುತ್ತಿರುವಂತೆಯೇ ನಾನು ಸುತ್ತಿಗೆ ತಂದು ಬೀಗ ಒಡೆದೆ. ನಾಗಮಂಗಲಕ್ಕೆ ಫೋನ್ ಮಾಡಿದರೆ ಆ ಹಿರಿಯರು ಬೈದರು.

"ತುಂಡು ಸರಿಯಾಗಿ ಬಿಗೀದೆ ಮೋಟ್ರು ಆಕಿದ್ದೀಯ ಬೇಟಿ. ಮುಖಕ್ಕೆ ಏನಾದ್ರೂ ಅಡ್ಡ ಆಕ್ಕೋ. ಕೆಲ್ಸ ಮಾತ್ರ ನಿಲ್ಲಿಸ್ಬೇಡ."

ಜಗುಲಿಯ ಮೇಲಿದ್ದ ಮೈದುನನ ಹೆಲ್ಮೆಟ್ಟನ್ನೇ ಎತ್ತಿ ತಲೆಗೆ ಹಾಕಿಕೊಂಡೆ. ಹೊಲಿಗೆ ಚುರುಗುಟ್ಟಿತು. ಗಾಜು ಇಳಿಸಿ, ಇನ್ನೊಂದು ತುಂಡನ್ನು ಬಿಗಿಯಾಗಿ ಕೂರಿಸಿ, ಬಾಗಿಲು ತೆರೆದಿಟ್ಟೇ ಮೋಟಾರು ಹಾಕಿದೆ. ಸಂಜೆಯ ಹೊತ್ತಿಗೆ ಒಂದು ಲಟ್ಟಣಿಗೆ ಕೈಗೆ ಬಂತು. ಅದು ಒಂದು ತುದಿಗೆ ಕೊಂಚ ದಪ್ಪ. ಇವತ್ತಿಗೂ ಚಪಾತಿಯನ್ನು ಅದರಲ್ಲೇ ಲಟ್ಟಿಸುತ್ತೇನೆ. ಮನೆಯವರೆಲ್ಲ, ಮೈದುನನೂ ಸೇರಿ, ತೆಪ್ಪಗೆ ತಿನ್ನುತ್ತಾರೆ.