ಶಾರದೆ ಚೆಲ್ಲಿದ ಹೆಪ್ಪು

ಅತ್ತೆ ತೀರಿಕೊಂಡರೆಂದು ಫೋನು ಬಂದಾಗ ನಾನು ಸಾಸ್ತಾನದ ನಮ್ಮ ಮನೆಯಲ್ಲಿ ಹುಣಸೆಹುಳಿ ಹಚ್ಚಿ ದೇವರ ದೀಪ ತಿಕ್ಕುತ್ತಿದ್ದೆ. ಡಾಕ್ಟರರ ಮುಂದೆ ನಾನು ಸುಳ್ಳು ಹೇಳಿದ್ದೆ. ಆ ಸುಳ್ಳಿನ ಭಾರವನ್ನು ಇಷ್ಟು ವರ್ಷ ಹೊತ್ತವಳು ಮಾತ್ರ ನಾನಲ್ಲ — ನನ್ನ ಓರಗಿತ್ತಿ ಶಾರದೆ.

ಅತ್ತೆಯ ಹೊಟ್ಟೆ ಸೂಕ್ಷ್ಮ. ಸ್ವಲ್ಪ ಭೇದಿಯಾದರೂ ನಾನು ದೇವರ ಗೂಡಿನಲ್ಲಿಟ್ಟ ಡಬ್ಬಿ ತೆಗೆಯುತ್ತಿದ್ದೆ. ಯಜಮಾನರ ಕಾಯಿಲೆಗೆ ತಂದು ಉಳಿದ ಕ್ಯಾಪ್ಸೂಲುಗಳು ಅದರಲ್ಲಿದ್ದವು. ಉಳಿದದ್ದೂ ದೇವರ ದಯೆ ಎಂದುಕೊಂಡಿದ್ದೆ. ಅದರ ಸಿಪ್ಪೆಯನ್ನು ದನದ ಮೂಳೆಯಿಂದ ಮಾಡುತ್ತಾರೆಂದು ಯಾರೋ ಹೇಳಿದ್ದರು. ಮಡಿಯ ಹೆಂಗಸಿನ ಬಾಯಿಗೆ ಅದನ್ನು ಹೇಗೆ ಹಾಕಲಿ? ಬಿಡಿಸಿ, ಸಿಪ್ಪೆ ಎಸೆದು, ಅರ್ಧ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕಿಸುತ್ತಿದ್ದೆ. ಉಳಿದರ್ಧ ಮುಂದಿನ ಸಲಕ್ಕೆ. ಭೇದಿ ನಿಂತರೆ ಮದ್ದೂ ನಿಲ್ಲುತ್ತಿತ್ತು.

“ಹೆಣೆ, ಇದ್ ಮದ್ದಾ, ತೀರ್ಥವಾ? ನಾಲ್ಗಿಗೇ ತಾಗ್ಲಿಲ್ಲೆ!” ಎಂದು ಅತ್ತೆ ನಗುತ್ತಿದ್ದರು.

ಆಮೇಲೆ ಅವರನ್ನು ಉಪ್ಪುಂದದ ಮೈದುನನ ಮನೆಗೆ ಬಿಟ್ಟು ಬಂದೆ. ಮೈದುನನ ಹೆಂಡತಿ ಶಾರದೆ ಇಬ್ಬರಿಗೂ ಮಜ್ಜಿಗೆ ಕೊಟ್ಟಳು. ಅದರ ರುಚಿಗೆ ಮನಸೋತು, ಒಂದು ಲೋಟದಲ್ಲಿ ಅವಳ ಹೆಪ್ಪನ್ನು ಕೇಳಿ ತಂದೆ. ಮರುದಿನವೇ ಅತ್ತೆಗೆ ಜ್ವರ, ರಕ್ತಭೇದಿ. ಕುಂದಾಪುರದ ಆಸ್ಪತ್ರೆಗೆ ಎಲ್ಲರೂ ಓಡಿದೆವು.

“ಇತ್ತೀಚೆಗೆ ಎಂತಾರೂ ಮದ್ದ್ ಕೊಟ್ಟಿದ್ರ್ಯಾ?” ಡಾಕ್ಟರು ಕೇಳಿದರು.

ಸುತ್ತ ಮನೆಯವರೆಲ್ಲ ನಿಂತಿದ್ದರು. “ಇಲ್ಲೆ” ಎಂದೆ.

ನಾನು ನೆಕ್ಕಿಸುತ್ತಿದ್ದ ಬಗೆಯ ಮದ್ದಿನಿಂದಲೇ ಅವರು ಚಿಕಿತ್ಸೆ ಶುರುಮಾಡಿದರು. ತಾಗಲಿಲ್ಲ. ಪರೀಕ್ಷೆಯ ವರದಿ ಬಂದಾಗ ಡಾಕ್ಟರು ನಮ್ಮನ್ನು ಕೂರಿಸಿ ತಿಳಿಸಿದರು — ಕರುಳಿನಲ್ಲಿ ಉಪದ್ರವಿಲ್ಲದ ಕ್ರಿಮಿಗಳೂ ಇರುತ್ತವಂತೆ. ಮದ್ದನ್ನು ಆಗಾಗ ಅರೆಬರೆ ಕೊಟ್ಟರೆ ಅದಕ್ಕೆ ಜಗ್ಗದವೇ ಉಳಿದು ಹೆಚ್ಚುತ್ತವಂತೆ. ಆ ಜಗ್ಗದ ಗುಣವನ್ನು ಹೊಸದಾಗಿ ಬಂದ ರೋಗದ ಕ್ರಿಮಿಗೂ ದಾಟಿಸಬಲ್ಲವು, ಜಾತಿ ಬೇರೆಯಾದರೂ. ಎಲ್ಲವೂ ಒಂದೇ ತೆರನಲ್ಲ: ಕೆಲವು ಗುಣಗಳು ಒಂದೇ ಮದ್ದನ್ನು ತಡೆಯುತ್ತವೆ, ಕೆಲವು ಹಲವು ಮದ್ದುಗಳನ್ನು ಒಟ್ಟಿಗೇ ತಡೆಯುವ ಗಂಟು, ಕೆಲವು ಬೇಗ ದಾಟುತ್ತವೆ, ಕೆಲವು ಸುಲಭಕ್ಕೆ ದಾಟುವುದಿಲ್ಲ. ಅತ್ತೆಯ ಹೊಟ್ಟೆಯಲ್ಲಿದ್ದದ್ದು ಅಂಥ ಗಂಟಿನದು.

ನನಗೆ ಹೆಪ್ಪು ನೆನಪಾಯಿತು. ಕೊಟ್ಟವರ ಮನೆಯಲ್ಲೂ ಮುಗಿಯುವುದಿಲ್ಲ, ತಂದವರ ಮನೆಯಲ್ಲೂ ಬೆಳೆಯುತ್ತದೆ —

“ಇವರಿಗೆ ಹಾಂಗೇ ಆಯ್ತ್ ಅಂತ ಹೇಳೂಕಾತಿಲ್ಲೆ,” ಎಂದರು ಡಾಕ್ಟರು. “ಮೊದ್ಲೇ ಮದ್ದ್ ಕೊಟ್ಟದ್ ಗೊತ್ತಿದ್ರೆ ಬೇರೆದ್ರಿಂದ ಶುರುಮಾಡ್ತಿದ್ದೆ.”

ಆಗಲೂ ನಾನು ಬಾಯಿ ಬಿಡಲಿಲ್ಲ. ಮದ್ದು ಬದಲಾಯಿಸಿದರು, ನಾನು ದೀಪ ಹಚ್ಚಿ ಬರುತ್ತೇನೆಂದು ಮನೆಗೆ ಬಂದೆ. ಅತ್ತೆಗೆ ಅಷ್ಟು ಸಮಯ ಉಳಿದಿರಲಿಲ್ಲ.

ಉತ್ತರಕ್ರಿಯೆಯ ದಿನ ಯಜಮಾನರ ಚಿಕ್ಕಮ್ಮ ಉಪ್ಪುಂದದ ಮನೆಯ ಅಂಗಳದಲ್ಲೇ ಕೇಳಿದರು: “ಹ್ವಾಯ್ ಶಾರದಾ, ನಿನ್ನ ಹಳ್ಸಿದ್ ಮಜ್ಜಿಗಿಯೇ ಅಲ್ದಾ ಅವ್ಳ ಹೊಟ್ಟಿಗ್ ಹೋದ್ದ್?”

ಶಾರದೆ ನನ್ನ ಕಡೆ ತಿರುಗಿದಳು. “ಅಕ್ಕಾ, ನೀವೂ ಕುಡ್ದಿರಿ. ನೀವಾರೂ ಹೇಳಿ.”

ನಾನು ಬಾಳೆಲೆ ಒರೆಸುತ್ತಾ ತಲೆ ತಗ್ಗಿಸಿದೆ.

ಅವಳು ಮೊಸರಿನ ಪಾತ್ರೆಯನ್ನು ಹಿತ್ತಲಿಗೆ ಒಯ್ದು ಬಾಳೆಬುಡಕ್ಕೆ ಸುರಿದಳು. ಬೈಂದೂರಿನ ತವರಿನಿಂದ ಮದುವೆಯಲ್ಲಿ ತಂದ ಹೆಪ್ಪು — ಪೂರ್ತಿ. ಅಂದಿನಿಂದ ಅವಳು ಯಾರಿಗೂ ಮಜ್ಜಿಗೆ ಬಡಿಸಿಲ್ಲ. ಬಡಿಸೆಂದು ಯಾರೂ ಕೇಳಿಯೂ ಇಲ್ಲ.

ಗೊತ್ತಿಲ್ಲದೆ ಮಾಡಿದ್ದು ಮದ್ದಿನ ತಪ್ಪು. ಗೊತ್ತಿದ್ದೇ ಮಾಡಿದ್ದು ಇದು.

ಅವಳಲ್ಲಿಂದ ಲೋಟದಲ್ಲಿ ತಂದ ಹೆಪ್ಪು ಮಾತ್ರ ನನ್ನಲ್ಲಿ ಒಂದು ದಿನವೂ ತಪ್ಪಿಲ್ಲ. ಅದೇ ಮೊಸರನ್ನು ಇಷ್ಟು ವರ್ಷ ದೇವರಿಗೂ ಇಟ್ಟೆ. ನಾಳೆ ಉಪ್ಪುಂದಕ್ಕೆ ಹೋಗುತ್ತೇನೆ. ಚಿಕ್ಕಮ್ಮನನ್ನೂ ಕರೆಸಲು ಹೇಳಿದ್ದೇನೆ. ಮೊದಲು ಅವರೆಲ್ಲರ ಎದುರು ಇಷ್ಟನ್ನೂ ಹೇಳಬೇಕು; ಹೆಪ್ಪನ್ನು ತಗೊಳ್ಳುವುದು ಬಿಡುವುದು ಆಮೇಲೆ ಶಾರದೆಗೆ ಬಿಟ್ಟದ್ದು.

ಹಾಲು ಉಗುರುಬೆಚ್ಚಗಾಗಿದೆ. ಹೆಪ್ಪು ಹಾಕಿ ಮುಚ್ಚಿಡಬೇಕು.