ರೇಡಿಯೇಟರಿಗೆ ಕಟ್ಟಿದ ಸೋಸುಬಟ್ಟೆ

ನಾವು ಜೈನರು ಸೋಸದ ನೀರು ಕುಡಿಯುವುದಿಲ್ಲ. ನೀರಿನೊಳಗಿನ ಸಣ್ಣ ಜೀವಗಳಿಗೆ ನೋವಾಗಬಾರದು. ಹೊಸದಾಗಿ ಮನೆಗೆ ಬಂದ ಸಣ್ಣ ಟ್ರ್ಯಾಕ್ಟರ್ ಮಾತ್ರ ಯಾಕೆ ಕುಡಿಯಬೇಕು ಅಂತ, ಅದರ ರೇಡಿಯೇಟರಿನ ಬಾಯಿಗೆ ನಾನೇ ಧೋತರದ ತುಂಡೊಂದನ್ನು ಎರಡು ಮಡಿಕೆ ಮಾಡಿ ಕಟ್ಟಿದೆ. ಕಂಪನಿಯವರಿಗೂ ಹೊಳೆಯದ ಸುಧಾರಣೆ ಅಂತ ಒಳಗೊಳಗೇ ಹೆಮ್ಮೆ.

ಒಂದು ದಿನ ಸಂಜೆ ಮೂಡಲಗಿಯಿಂದ ಕೊಣ್ಣೂರಿಗೆ ಬರುವಾಗ ದಾರಿಯಲ್ಲೇ ಎಂಜಿನ್ ಬುಸುಗುಟ್ಟಿ ನಿಂತಿತು. ಹೊತ್ತು ಮುಳುಗಿದ ಮೇಲೆ ನಾನು ಉಣ್ಣುವವನಲ್ಲ. ಮನೆಯಲ್ಲಿ ಊಟ ಕಾದಿತ್ತು, ಹೊಟ್ಟೆ ಚುರುಗುಡುತ್ತಿತ್ತು. ಬಾಜೂ ಗ್ಯಾರೇಜಿನ ಮಿಸ್ತ್ರಿಯನ್ನು ಕರೆತಂದೆ. ಆವಿ ಇಳಿದ ಮೇಲೆ ಅವನು, ಗಂಟು ಸಡಿಲಾಗಿ ರೇಡಿಯೇಟರಿನೊಳಗೆ ಇಳಿದಿದ್ದ ನನ್ನ ಬಟ್ಟೆಯನ್ನು ಹೊರಗೆಳೆದ.

"ಕಾಕಾ, ಇದರ ಗಂಟಲದಾಗ ಧೋತರ ತುರುಕಿದವ್ರು ಯಾರ್ರಿ?"

"ನಾನೇಪಾ. ನೀರು ಸೋಸಾಕ."

ಅವನು ನಗಲಿಲ್ಲ, ಟ್ರ್ಯಾಕ್ಟರಿಗೆ ಕೈ ಮುಗಿದ. "ಸೋಸಿದ್ದೂ ಆತು, ಕುದಿಸಿದ್ದೂ ಆತು. ನಿಮ್ಮ ಮುನಿಗಳು ಕುಡಿಯೂದು ಇಂಥಾ ನೀರ ಅಲ್ರಿ? ಅವ್ರು ಗಾಡಿ ಹತ್ತೂದಿಲ್ಲ. ಇದು ಗಾಡಿ ಆಗೂದನ್ನ ಬಿಟ್ಟೈತಿ!"

ಕಾಲುವೆಯ ಸೋಸದ ನೀರನ್ನು ಹೊಟ್ಟೆ ತುಂಬ ಕುಡಿದು ಟ್ರ್ಯಾಕ್ಟರ್ ಹೊರಟಿತು. ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಕರ್ಮದ ಆಟ ನೋಡಿ: ವ್ರತ ಮುರಿದದ್ದು ಟ್ರ್ಯಾಕ್ಟರ್, ಉಪವಾಸ ಮಲಗಿದ್ದು ನಾನು.