ನರ್ಸಮ್ಮನ ಚಿನ್ನದ ವಾಚು

ಶಿಡ್ಲಘಟ್ಟದಲ್ಲಿ ನಾನು ಮೇಷ್ಟ್ರಾಗಿದ್ದಾಗ ಪಕ್ಕದ ಮನೆಯಲ್ಲಿ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಇದ್ದರು. ಯುದ್ಧಕ್ಕೆ ಹೋಗಿದ್ದ ಅವರಣ್ಣ ತಂದುಕೊಟ್ಟ ಚಿನ್ನದ ಸ್ವಿಸ್ ವಾಚು ದಿನವೂ ಅವರ ಕೈಯಲ್ಲಿರುತ್ತಿತ್ತು. ಬಾವಿಯಲ್ಲಿ ನೀರು ಸೇದುವಾಗಲೂ ಬಿಚ್ಚುತ್ತಿರಲಿಲ್ಲ. ಸೇದಿದ ಮೇಲೆ ಗಾಜನ್ನು ಸೆರಗಿನಿಂದ ಒರೆಸಿ, ಕಿವಿಗಿಟ್ಟು ಕೇಳಿ, ಮೆಲ್ಲಗೆ ನಗುತ್ತಿದ್ದರು.

ಗೀರು ಬಿದ್ದೀತೆಂಬ ಚಿಂತೆ ಅವರಿಗಿಂತ ನನಗೇ ಹೆಚ್ಚು. ನನ್ನ ಹತ್ತಿರ ವಾಚೇ ಇರಲಿಲ್ಲವಾದ್ದರಿಂದ ಚಿಂತಿಸಲು ಬೇಕಾದಷ್ಟು ಬಿಡುವಿತ್ತು.

“ಅಂಥಾದ್ದನ್ನ ಹಬ್ಬ ಹರಿದಿನಕ್ಕೆ ಇಟ್ಕೋಬಾರ್ದಾ ನರ್ಸಮ್ಮ?”

“ಭಯ ನಂಗೂ ಐತೆ ಮೇಷ್ಟ್ರೇ. ಪೆಟ್ಟಿಗೇಲಿಟ್ರೆ ಟೈಮ್ ಯಾರಿಗ್ ತೋರ್ಸುತ್ತೆ?” ಯಾವಾಗ ಕೇಳಿದರೂ ಇದೇ ಉತ್ತರ.

ನನ್ನ ಹೆಂಡತಿಗೆ ಚೊಚ್ಚಲ ಹೆರಿಗೆ ನೋವು ಬಂದ ಮಧ್ಯಾಹ್ನ ಅವರೇ ಓಡಿಬಂದು ಕೋಣೆಯ ಬಾಗಿಲು ಹಾಕಿಕೊಂಡರು. ಒಳಗಿನ ಕೂಗು ಕೇಳುತ್ತ ನಾನು ಜಗಲಿಯಲ್ಲಿ ಕೂತಿದ್ದೆ. ಕೂಗು ನಿಂತಿತು, ಮಗುವಿನ ಅಳು ಕೇಳಲಿಲ್ಲ. ನೆನಪಾದ ದೇವರಿಗೆಲ್ಲ ಕೈಮುಗಿದೆ. ಎಷ್ಟೋ ಹೊತ್ತಿನ ಮೇಲೆ ಸಣ್ಣಗೆ ಅಳು ಕೇಳಿಸಿತು.

ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಹೊರಗೆ ತಂದರು. ನೋವಿನಲ್ಲಿ ಹೆಂಡತಿ ಅವರ ಕೈಯನ್ನು ಬಿಗಿಯಾಗಿ ಹಿಡಿದಾಗ ಸೀಮಂತದ ಬಳೆ ಒಡೆದು ವಾಚಿನ ಗಾಜನ್ನು ಗೀಚಿತ್ತು. ನನ್ನ ಹಾಳು ಕಣ್ಣು ಮೊದಲು ಬಿದ್ದದ್ದು ಅದರ ಮೇಲೇ.

“ಅಯ್ಯೋ, ಎಷ್ಟು ದೊಡ್ಡ ಗೀರು ಬಿತ್ತಲ್ಲ!” ಎಂದು ಕಿರುಚಿಬಿಟ್ಟೆ.

“ಅಯ್ಯೋ, ಮಗೂಗಾ? ಎಲ್ಲಿ?” ಎಂದು ಒಳಗಿಂದ ಹೆಂಡತಿ ಗಟ್ಟಿಯಾಗಿ ಅಳತೊಡಗಿದಳು.

“ಹಿಡ್ಕೊಳ್ಳಪ್ಪ ನಿನ್ ಮಗಳನ್ನ!” ಎಂದು ಅದುವರೆಗೂ ನನಗೆ ಬಹುವಚನ ಬಿಡದಿದ್ದ ನರ್ಸಮ್ಮ, ಕೂಸನ್ನು ನನ್ನ ತೋಳಿಗೆ ಹಾಕಿ ಬಾಣಂತಿಯನ್ನು ಸಮಾಧಾನಪಡಿಸಲು ಒಳಗೋಡಿದರು.